ಹಗ್ಗ ಹಿಡಿದವನ ಪದಕ

ನಾನು ಒಮ್ಮೆ ಸತ್ತಿದ್ದೆ. ರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತಲ್ಲ. ಬೆಳಗಿನ ಕಾಫಿಯಿಂದ ಇಗರ್ಜಿಯ ಸಂಜೆಗಂಟೆಯವರೆಗೆ, ಡ್ರೋಸಿನ್ ಸರೋವರದ ತಳದಲ್ಲಿ, ಮಂಜುಗಡ್ಡೆಯ ಛಾವಣಿಯ ಕೆಳಗೆ, ಕಾಲ ಮೇಲೆ ಕಾಲು ಹಾಕಿಕೊಂಡು ಸತ್ತಿದ್ದೆ. ಅಲ್ಲಿ ನಮ್ಮ ಪಾದ್ರಿಗಳಷ್ಟು ದಪ್ಪದ, ಅವರಷ್ಟೇ ಗಂಭೀರವಾದ ಒಂದು ಪೈಕ್ ಮೀನಿತ್ತು. ಅದರೊಡನೆ ಇಸ್ಪೀಟಾಡಿದೆ. ಅದು ಎಲೆಗಳನ್ನು ಕಿವಿರಿನೊಳಗೆ ಬಚ್ಚಿಟ್ಟು ಮೋಸ ಮಾಡುತ್ತಿತ್ತು, ಆದರೂ ಗೆದ್ದವನು ನಾನೇ. ಕೊನೆಗೆ ನನ್ನ ಅಕ್ಕನ ಗಂಡ ಎವಾಲ್ಡ್ ಕ್ರೀನ್‌ಕೆ, ಗಾರೆ ಕೆಲಸದವನು, ಬಾಯಲ್ಲಿ ಪೈಪು ಕಚ್ಚಿಕೊಂಡೇ ನೀರಿಗೆ ಧುಮುಕಿ, ಮೀನಿನ ಮೂತಿಗೆ ಒಂದು ಬಿಟ್ಟು, ನನ್ನ ಜುಟ್ಟು ಹಿಡಿದು ಮೇಲಕ್ಕೆಳೆದು ತಂದ. ದಡಕ್ಕೆ ಬಂದಾಗಲೂ ಪೈಪು ಆರಿರಲಿಲ್ಲ.

ಇದನ್ನು ನಾನು ಬಿಯರ್ ಕಾರ್ಖಾನೆಯಲ್ಲಿ ಹೇಳಿದೆ, ಊರಿನ ಎಲ್ಲ ಹೋಟೆಲುಗಳಲ್ಲಿ ಹೇಳಿದೆ, ವಿಚಾರಣೆಗೆ ಬಂದ ಪೊಲೀಸಿನವನ ಮುಂದೆ ಮೀನನ್ನು ಮಾತ್ರ ಬಿಟ್ಟು ಉಳಿದದ್ದನ್ನು ಕೈಯೆತ್ತಿ ಆಣೆಯಿಟ್ಟು ಹೇಳಿದೆ. ಮಾತು ಬರ್ಲಿನ್‌ವರೆಗೆ ಹೋಯಿತು. ಹೋದ ಮಾತು ವಾಪಸು ಬರುವಾಗ ಬೆಳ್ಳಿಯಾಗಿ ಬಂತು: ಒಂದು ಮಗ್ಗುಲಿಗೆ ರಾಜರ ತಲೆ, ಇನ್ನೊಂದಕ್ಕೆ ಓಕ್ ಎಲೆಯ ಮಾಲೆಯ ನಡುವೆ 'ಅಪಾಯದಿಂದ ಪಾರುಮಾಡಿದ್ದಕ್ಕೆ' ಎಂಬ ಅಕ್ಷರ, ಬಿಳಿ ಗೆರೆಗಳ ಕಿತ್ತಳೆ ಪಟ್ಟಿ. ಡಬ್ಬಿಯಲ್ಲಿಟ್ಟು ನೋಡಿಕೊಳ್ಳುವ ಜಾತಿಯದಲ್ಲ. ಎದೆಗೆ ಚುಚ್ಚಿಕೊಂಡು ತಿರುಗುವಂಥದ್ದು. ಡಬ್ಬಿಯ ಪದಕ ನಮ್ಮೂರಿನ ಇಗರ್ಜಿಯ ಗಂಟೆ ಹೊಡೆಯುವವನ ಹತ್ತಿರ ಒಂದಿತ್ತು. ಎದೆಯ ಪದಕ ನಮ್ಮ ಕಡೆಯ ಯಾವನ ಎದೆಯೂ ಕಂಡದ್ದಲ್ಲ. ಅದು ಸಿಗಬೇಕಾದರೆ ಕಾಪಾಡಿದವನ ಪ್ರಾಣವೂ ಕೂದಲೆಳೆಯಲ್ಲಿ ನೇತಾಡಿರಬೇಕು. ನನ್ನ ಮಾತಿನಲ್ಲಿ ಎವಾಲ್ಡನ ಪ್ರಾಣ ನೇತಾಡಿದಷ್ಟು ಪ್ರಷ್ಯದಲ್ಲಿ ಬೇರೆ ಯಾರದೂ ನೇತಾಡಿಲ್ಲ.

ಆ ಪದಕವನ್ನು ಕೊಡುವ ದಿನ ಬೆಳಿಗ್ಗೆ ಎವಾಲ್ಡನ ತಲೆಯೊಳಗೆ ಏನೇನು ನಡೆಯಿತೆಂದು ಹೇಳುತ್ತೇನೆ. ಅವನ ತಲೆಯೊಳಗಿನದು ನಿನಗೆ ಹೇಗೆ ಗೊತ್ತು ಎನ್ನಬೇಡಿ. ಅವರ ಮನೆಯ ಅಟ್ಟದಲ್ಲಿ ಮಲಗುವವನು ನಾನು. ಹಲಗೆಯ ಸಂದಿನಿಂದ ಕೆಳಗಿನವರ ಕನಸುಗಳು ನನಗೆ ಬಣ್ಣಬಣ್ಣವಾಗಿ ಕಾಣಿಸುತ್ತವೆ.

ಅವನು ಎದ್ದದ್ದು ಕೈಗಳಿಂದ. ಮೊದಲು ಕೈಗಳಿಗೆ ಎಚ್ಚರವಾಯಿತು, ಅವು ಹೊದಿಕೆಯ ಅಂಚನ್ನು ಹಿಡಿದು ಎಳೆಯುತ್ತಿದ್ದವು, ಆಮೇಲೆ ಅವನಿಗೆ. ಜೂನ್ ತಿಂಗಳ ಬಿಸಿಲು ಆಗಲೇ ಕಿಟಕಿಯೊಳಗೆ ಕಾಲಿಟ್ಟಿತ್ತು, ಆದರೆ ಬೆರಳ ತುದಿಗಳು ಜನವರಿಯಲ್ಲೇ ಇದ್ದವು. ನನ್ನ ಅಕ್ಕ ಮಾಲ್ವಿನೆ ಒಲೆಯ ಹತ್ತಿರ ನಿಂತು ಅವನ ಕರಿಯ ಕೋಟಿಗೆ ಬ್ರಷ್ ಹಾಕುತ್ತಿದ್ದಳು. ಮದುವೆಗೆ ಹೊಲಿಸಿದ ಕೋಟು; ಅಲ್ಲಿಂದೀಚೆಗೆ ಸಾವುಗಳಿಗೆ ಮಾತ್ರ ಹೊರಬರುತ್ತಿತ್ತು. ಯಾರು ಸತ್ತರು ಎಂದು ಕೇಳುವಷ್ಟರಲ್ಲಿ ನೆನಪಾಯಿತು, ಯಾರೂ ಸತ್ತಿಲ್ಲ, ಅದಕ್ಕೇ ಕೋಟು. ಬಾರ್ಲಿ ಕಾಫಿಯ ಬಟ್ಟಲನ್ನು ಅವಳು ಅವನ ಕೈಗೇ ಕೊಟ್ಟಳು. ಅವನು ಅದನ್ನು ತೆಗೆದುಕೊಳ್ಳುವ ಮುಂಚೆ ಒಂದು ಕ್ಷಣ ತಡೆದ. ನಮ್ಮಲ್ಲಿ ಮಂಜುಗಡ್ಡೆ ಕೊಯ್ಯುವಾಗ ಜೊತೆಗಾರನ ಹಗ್ಗ ಬಿಟ್ಟವನ ಕೈಗೆ ಯಾರೂ ಏನನ್ನೂ ಕೊಡುವುದಿಲ್ಲ. ಮೇಜಿನ ಮೇಲಿಡುತ್ತಾರೆ, ಅವನು ಎತ್ತಿಕೊಳ್ಳಬೇಕು. ಬ್ರೆಡ್ಡಾದರೂ ಅಷ್ಟೇ, ಹೆತ್ತ ಮಗುವಾದರೂ ಅಷ್ಟೇ. ಸರೋವರದಾಚೆಯ ಮುದುಕ ಹಿಂಟ್ಸೆ ತಾರುಣ್ಯದಲ್ಲಿ ತಮ್ಮನ ಹಗ್ಗ ಬಿಟ್ಟವನು. ಹಲ್ಲೆಲ್ಲ ಉದುರಿದ ಮೇಲೂ ಇಗರ್ಜಿಯಲ್ಲಿ ಪ್ರಸಾದದ ಬಟ್ಟಲನ್ನು ಪಕ್ಕದವನು ಅವನ ಮುಂದಿನ ಹಲಗೆಯ ಮೇಲಿಟ್ಟು ಕೈ ತೆಗೆಯುತ್ತಾನೆ. 'ಹಿಡ್ಕೊಳ್ಳಿ, ಆರತ್ತೆ,' ಎಂದಳು ಮಾಲ್ವಿನೆ. ಹಿಡಿದುಕೊಂಡ. ಇವಳಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ಕೊಟ್ಟದ್ದು ಕೊಟ್ಟ ಹಾಗಾಯಿತೆ, ಕದ್ದ ಹಾಗಾಯಿತೆ? ಕಾಫಿ ಸುಟ್ಟಿತು. ಸುಟ್ಟದ್ದು ಹಿತವೆನಿಸಿತು.

ನಾನು ನೀರಿಗೆ ಬಿದ್ದ ಆ ದಿನವೂ ಕಾಫಿ ಬರುವ ಹೊತ್ತೇ. ಗಾರೆ ಕೆಲಸ ನಿಂತುಹೋಗುವ ಚಳಿಗಾಲದಲ್ಲಿ ನಮ್ಮವರೆಲ್ಲ ಕಾರ್ಖಾನೆಯ ನೆಲಮಾಳಿಗೆಗೆ ಮಂಜುಗಡ್ಡೆ ಕೊಯ್ಯಲು ಹೋಗುತ್ತಾರೆ. ಗರಗಸ ಎಳೆಯುವವನು ಅಂಚಿನಲ್ಲಿ ನಿಲ್ಲುತ್ತಾನೆ, ಸೊಂಟಕ್ಕೆ ಹಗ್ಗ. ಅದರ ಇನ್ನೊಂದು ತುದಿ ಹಿಂದೆ ನಿಂತವನ ಕೈಯಲ್ಲಿ. ಹಿಂದೆ ನಿಲ್ಲುವವನು ರಕ್ತಸಂಬಂಧಿಯೋ ಮದುವೆಯ ನೆಂಟನೋ ಆಗಿರಬೇಕು, ಹೊರಗಿನವನ ಕೈಗೆ ಹಗ್ಗ ಕೊಡುವ ಪದ್ಧತಿಯಿಲ್ಲ. ಗರಗಸ ನನ್ನದು, ಹಗ್ಗ ಎವಾಲ್ಡನದು. ಸರೋವರದ ಮೇಲೆ ಹಾಲಿನಂಥ ಮಬ್ಬು, ಸೂರ್ಯ ಎಲ್ಲಿದ್ದಾನೆಂದು ತಿಳಿಯದಂಥ ಬಿಳುಪು, ಗರಗಸದ ಸದ್ದು ಮಾತ್ರ ಒಂದು ಕಡೆಯಿಂದ ಬರುತ್ತಿತ್ತು. ಬೆರಳುಗಳು ಇವೆಯೋ ಇಲ್ಲವೋ ಎಂದು ಅವನು ನೋಡಿಕೊಂಡ. ಇದ್ದವು. ಬೇರೆ ಯಾರದೋ ಬೆರಳುಗಳಂತೆ ಇದ್ದವು. ಅವನ್ನು ಕಂಕುಳೊಳಗೆ ತೂರಿಸಿಕೊಂಡರೆ ಎಂಬ ಯೋಚನೆ ಬಂತು. ಆಮೇಲೆ ಕಂಕುಳೊಳಗಿನ ಬೆಚ್ಚಗೆ ನೆನಪಿದೆ. ಆಮೇಲೆ 'ಭಾವ' ಎಂಬ ಕೂಗು. ಇವೆರಡರ ನಡುವೆ ಹಗ್ಗ ಎಲ್ಲಿತ್ತು? ಕೂಗು ಕೇಳಿ ಓಡುವಾಗ ಎಸೆದನೆ? ಕಂಕುಳಿಗೆ ಕೈ ಹಾಕುವ ಮುಂಚೆ ಕಾಲ ಬಳಿ ಇಟ್ಟನೆ, ಹಾಗೆ ಇಟ್ಟದ್ದರಿಂದಲೇ ಕೂಗು ಹುಟ್ಟಿತೆ? ಹಗ್ಗ ಹಾವಿನಂತೆ ಮಂಜಿನ ಮೇಲೆ ಸರಿದು ನೀರಿಗಿಳಿದದ್ದನ್ನು ಅವನು ಕನಸಿನಲ್ಲಿ ಎಷ್ಟೋ ಸಲ ನೋಡಿದ್ದ. ಎಚ್ಚರದಲ್ಲಿ ನೋಡಿದ್ದನೋ ಇಲ್ಲವೋ ಎಂದು ಈಗ ಬೇರೆ ಮಾಡಲಾಗುತ್ತಿರಲಿಲ್ಲ. ಅದಾದ ಮೇಲೆ ಒಂದು ತೂತು. ತೂತಿನ ಆಚೆ ದಡದಲ್ಲಿ ಇಬ್ಬರೂ ಬಿದ್ದುಕೊಂಡಿದ್ದರು, ನಾನು ಅವನ ತೋಳಿನ ಮೇಲೆ ವಾಂತಿ ಮಾಡುತ್ತಿದ್ದೆ.

ಆ ತೂತಿಗೆ ಊರಿನವರು ನನ್ನ ಕಥೆಯನ್ನು ತುಂಬಿದ್ದರು. ಮೊದಮೊದಲು ಅವನು ಬೇಡ ಎಂದ. ಬೇಡ ಎಂದದ್ದನ್ನು ಜನ ವಿನಯವೆಂದರು. ನಾನು ಧುಮುಕಲಿಲ್ಲ ಎಂದರೆ, ನೋಡಿ ಎಂಥ ಮನುಷ್ಯ ಎಂದರು. ನನಗೆ ಈಜು ಬರುವುದಿಲ್ಲ ಎಂದರೆ, ಈಜು ಬರದೆ ಧುಮುಕಿದನಂತೆ ಎಂದರು. ಕಾರ್ಖಾನೆಯವರು ಕ್ರಿಸ್ಮಸ್ಸಿಗೂ ಕೊಡದವರು ಈಸ್ಟರಿಗೆ ಅವನಿಗೊಂದು ಪೈಪು ಕೊಟ್ಟರು, ಒಳ್ಳೆಯ ಚೆರ್ರಿ ಮರದ್ದು. ಎವಾಲ್ಡ್ ಹುಟ್ಟಿದಾಗಿನಿಂದ ಹೊಗೆ ಸೇದಿದವನಲ್ಲ. ಆದರೆ ಬೀದಿಯಲ್ಲಿ ಜನ, ಎಲ್ಲಿ ಕ್ರೀನ್‌ಕೆ, ಆರದ ಪೈಪು ಎಲ್ಲಿ, ಎಂದು ಕೇಳತೊಡಗಿದಾಗ ಉತ್ತರ ಹೇಳುವುದಕ್ಕಿಂತ ಸೇದುವುದು ಸುಲಭವಾಯಿತು. ಕೊಟ್ಟಿಗೆಯ ಹಿಂದೆ ಕೆಮ್ಮುತ್ತ ಕಲಿತ. ಈಗ ಅವನ ಬಾಯಲ್ಲಿ ಪೈಪು ಕಂಡರೆ ನನಗೇ, ಅಯ್ಯೋ, ನಾನು ಹೇಳಿದ್ದು ನಿಜವೇ ಇರಬೇಕು ಎನಿಸುತ್ತಿತ್ತು. ಅವನಿಗೂ ಹಾಗೆ ಎನಿಸಲು ಶುರುವಾಗಿತ್ತು, ಅದೇ ಅವನ ಭಯ. ಕೆಲವು ಬೆಳಗುಗಳಲ್ಲಿ ಆ ತೂತಿನೊಳಗೆ ಹಸಿರು ನೀರು ಕಾಣುತ್ತಿತ್ತು, ನನ್ನ ಜುಟ್ಟು ಕೈಗೆ ಸಿಕ್ಕ ಹಾಗಿರುತ್ತಿತ್ತು, ಒಂದು ಸಲವಂತೂ ಮೀನಿನ ಗಂಭೀರ ಮುಖವೂ ಕಂಡಿತ್ತು.

ಕ್ಷೌರದಂಗಡಿಯ ಫಿಂಕ್ ಅವನನ್ನು ಸರದಿ ತಪ್ಪಿಸಿ ಕೂರಿಸಿದ. ಕಾಯುತ್ತಿದ್ದವರು ಯಾರೂ ಗೊಣಗಲಿಲ್ಲ, ಅದು ಗೊಣಗಿದ್ದಕ್ಕಿಂತ ಕಷ್ಟವಾಯಿತು.

'ಬನ್ನಿ ಬನ್ನಿ, ಇವತ್ತು ರಾಜರ ಮುಖ ಎದೆ ಮೇಲೆ ಕೂತ್ಕೊಳ್ಳತ್ತೆ, ಅದರ ಮೇಲಿನ ಮುಖ ಕುರುಚಲು ಗಡ್ಡ ಬಿಟ್ಕೊಂಡಿದ್ರೆ ರಾಜದ್ರೋಹ ಕಣ್ರೀ,' ಎಂದು ನೊರೆ ಬಳಿದ. 'ಅಲ್ಲಾ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ಯೋಸ್ಟ್ ಲೆಪ್ಕೆಯನ್ನ ಯಾಕ್ರೀ ಮೇಲೆ ತಂದ್ರಿ? ಅಲ್ಲೇ ಬಿಟ್ಟಿದ್ರೆ ಊರಲ್ಲಿ ಎಷ್ಟು ನಿಶ್ಶಬ್ದ ಇರ್ತಿತ್ತು!'

ಅಂಗಡಿಯೆಲ್ಲ ನಕ್ಕಿತು. ಯೋಸ್ಟ್ ಲೆಪ್ಕೆ ಎಂದರೆ ನಾನು; ಬಾಗಿಲ ಬಳಿಯ ಬೆಂಚಿನಲ್ಲೇ ಕೂತಿದ್ದೆ, ಎಲ್ಲರಿಗಿಂತ ಜೋರಾಗಿ ನಕ್ಕೆ. 'ಅಲ್ಲೇ ಬಿಟ್ಟಿದ್ರೆ ಮೀನುಗಳು ಇವತ್ತು ಪಾರ್ಲಿಮೆಂಟಿಗೆ ನಿಂತಿರ್ತಿದ್ವು ಫಿಂಕಣ್ಣ, ಅಷ್ಟು ತರಬೇತಿ ಕೊಟ್ಟಿದ್ದೆ,' ಎಂದೆ.

ಎವಾಲ್ಡನಿಗೆ ಕೇಳಿಸಿದ್ದು ಎರಡು ಪದ ಮಾತ್ರ: ಅಲ್ಲೇ ಬಿಟ್ಟಿದ್ರೆ. ಕತ್ತಿ ಗಂಟಲ ಮೇಲಿತ್ತು. ಕನ್ನಡಿಯಲ್ಲಿ ನೊರೆಯ ಬಿಳುಪು ಕಂಡಿತು, ನೊರೆಯ ನಡುವೆ ಕತ್ತಿ ಕಾಲುವೆ ಕೊರೆಯುತ್ತ ಹೋಗುವುದು ಕಂಡಿತು, ಕಾಲುವೆಯಂಚಿನಲ್ಲಿ ಯಾರೋ ಚಿಕ್ಕದಾಗಿ ನಿಂತಿರುವಂತೆ ಕಂಡು ಕಣ್ಣು ಮುಚ್ಚಿಕೊಂಡ. ನಾನು ಬಿಟ್ಟೆ ಎಂದು ಈಗಲೇ ಹೇಳಿಬಿಟ್ಟರೆ? ಫಿಂಕ್ ಕತ್ತಿಯನ್ನು ಒರೆಸಿ, ಟವೆಲನ್ನು ಕೈಗೆ ಕೊಡುವ ಬದಲು ಮೇಜಿನ ಮೇಲಿಡುತ್ತಾನೆ. ಅಷ್ಟೇ ಆಗುವುದು. ಯಾರೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಗಾರೆ ಕೆಲಸಕ್ಕೆ ಹೋದರೆ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಅವನಿಗೆ ಜಾಗವಿರುವುದಿಲ್ಲ, ಅಂದರೆ ಗಾರೆ ಕೆಲಸವೇ ಇರುವುದಿಲ್ಲ. ಮಾಲ್ವಿನೆ ಬಟ್ಟಲನ್ನು ಏನು ಮಾಡುತ್ತಾಳೆ? ಮೇಜಿನ ಮೇಲಿಡುತ್ತಾಳೋ, ಕೈಗೆ ಕೊಡುತ್ತಾಳೋ? ಅವಳ ತಮ್ಮನ ಹಗ್ಗ ಅದು. ಈ ಪ್ರಶ್ನೆಯ ಮುಂದೆ ಅವನ ಯೋಚನೆ ಪ್ರತಿಸಲವೂ ಮಂಡಿಯೂರಿ ಕೂತುಬಿಡುತ್ತಿತ್ತು. 'ಆಯ್ತು ನೋಡಿ, ರಾಜಕುಮಾರನ ಹಾಗೆ,' ಎಂದು ಫಿಂಕ್ ಟವೆಲನ್ನು ಅವನ ಎರಡೂ ಅಂಗೈಯ ಮೇಲೆ ಹಾಸಿ, ಅಂಗೈಗಳನ್ನು ತಟ್ಟಿದ. 'ಏನು ಕೈರೀ ಇವು! ಏನು ಕೈ!'

ಬೀದಿಯಲ್ಲಿ ಅವನು ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಡೆದ. ಸಾವಿನ ಕೋಟಿನ ಜೇಬು. ಒಳಗೆ ಯಾವುದೋ ಹಳೆಯ ಶವಸಂಸ್ಕಾರದಲ್ಲಿ ಬಾಡಿದ ಹೂವಿನ ಪುಡಿ. ನಿಂಬೆಯಂಥ ಬಿಸಿಲು, ಬೇಕರಿಯ ಬಾಗಿಲಿಂದ ರೈ ಬ್ರೆಡ್ಡಿನ ಹುಳಿವಾಸನೆ, ಪುರಸಭೆಯ ಮುಂದೆ ಯಾರೋ ತುತ್ತೂರಿ ಊದಿ ನೋಡಿ ನಿಲ್ಲಿಸಿದ ಸದ್ದು. ಎಲ್ಲವೂ ತನ್ನ ಕಡೆಗೇ ನೋಡುತ್ತಿವೆ ಎನಿಸಿತು, ಜೊತೆಗೇ ಯಾವುದೂ ತನ್ನನ್ನು ಕಾಣುತ್ತಿಲ್ಲ ಎಂದೂ ಎನಿಸಿತು. ಜನ ನೋಡುವುದು ಪೈಪು ಕಚ್ಚಿಕೊಂಡು ಧುಮುಕಿದವನನ್ನು. ಆ ಮನುಷ್ಯ ತನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದ, ಅವನಿಗೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು, ಹಿಂದೆ ಬರುತ್ತಿದ್ದ ತಾನು ಆ ನಮಸ್ಕಾರಗಳ ಅಡಿಯಲ್ಲಿ ತಲೆ ತಗ್ಗಿಸಿ ನುಸುಳುತ್ತಿದ್ದ. ಒಂದೊಮ್ಮೆ ಆ ಮುಂದಿನವನೇ ನಿಜವಾದ ಎವಾಲ್ಡ್ ಆಗಿದ್ದು, ಹಗ್ಗ ಬಿಟ್ಟೆನೆಂದು ಕೊರಗುವ ಈ ಹಿಂದಿನವನು ಚಳಿ ಹುಟ್ಟಿಸಿದ ಒಂದು ಭ್ರಮೆಯಾಗಿದ್ದರೆ? ಹಾಗಿರಬಾರದೇಕೆ? ಯೋಸ್ಟ್ ಆಣೆಯಿಟ್ಟು ಹೇಳಿದ್ದಾನೆ. ಸೊಂಟಕ್ಕೆ ಹಗ್ಗವಿದ್ದವನು ಅವನು, ಹಗ್ಗ ತುಂಡಾಯಿತು ಎಂದು ಹೇಳುವವನೂ ಅವನೇ. ಮುಳುಗಿದವನಿಗಿಂತ ಚೆನ್ನಾಗಿ ಮುಳುಗಿದ್ದು ಯಾರಿಗೆ ಗೊತ್ತಿರುತ್ತದೆ?

ಮಂಜಿನ ಕೆಲಸದ ಮೇಸ್ತ್ರಿ ಟೆಟ್ಸ್‌ಲಾಫ್ ಪುರಸಭೆಯ ಮೆಟ್ಟಿಲ ಬಳಿ ಅವನನ್ನು ಹಿಡಿದು ನಿಲ್ಲಿಸಿದ. ಗೋಡೆಯಂಥ ಆಳು, ಮಾತು ಕಡಿಮೆ. ಇವತ್ತು ಮೀಸೆಗೆ ಮೇಣ ಹಚ್ಚಿದ್ದ.

'ಎವಾಲ್ಡ್, ಒಳಗೆ ಗಲಾಟೆ ಆಗತ್ತೆ, ಆಮೇಲೆ ಮಾತಾಡಕ್ಕಾಗಲ್ಲ. ಬರೋ ಚಳಿಗಾಲಕ್ಕೆ ನನ್ನ ಮಗ ಗರಗಸ ಹಿಡೀತಾನೆ.'

'ಒಳ್ಳೇದು ಮೇಸ್ತ್ರೀ.'

'ಅವನ ಹಗ್ಗ ನೀನು ಹಿಡೀಬೇಕು.'

ಎವಾಲ್ಡನಿಗೆ ಮೊದಲು ಅರ್ಥವಾಗಲಿಲ್ಲ. 'ನಾನು ನಿಮಗೆ ಸಂಬಂಧಿ ಅಲ್ಲವಲ್ಲ.'

'ಗೊತ್ತು ಕಣಯ್ಯ. ನನ್ನ ತಮ್ಮನಿದಾನೆ, ನನ್ನ ಹೆಂಡತಿ ಕಡೆಯೋರಿದಾರೆ. ಅವರೆಲ್ಲ ಮುನಿಸ್ಕೊಳ್ತಾರೆ. ಮುನಿಸ್ಕೊಳ್ಳಲಿ. ನನ್ನ ಹೆಂಡತಿ ಹೇಳಿದ್ಲು, ಆ ಕ್ರೀನ್‌ಕೆ ಹಿಡಿದ್ರೆ ನಾನು ಮನೇಲಿ ನೆಮ್ಮದಿಯಾಗಿ ಸೂಪು ಮಾಡ್ತೀನಿ ಅಂತ.' ಟೆಟ್ಸ್‌ಲಾಫ್ ಕೈ ಚಾಚಿದ. 'ಹೂಂ ಅನ್ನು.'

ಚಾಚಿದ ಕೈ ಗಾಳಿಯಲ್ಲಿತ್ತು. ಎವಾಲ್ಡ್ ಅದನ್ನು ನೋಡುತ್ತ ನಿಂತ. ಅದರ ಹಿಂದೆ ಒಬ್ಬ ಹುಡುಗನ ಸೊಂಟ ಕಂಡಿತು, ಸೂಪು ಕಲಕುವ ಒಬ್ಬ ಹೆಂಗಸಿನ ಬೆನ್ನು ಕಂಡಿತು, ಸೂಪಿನ ಮೇಲೆ ತೇಲುವ ಬಟಾಣಿಗಳೂ ಕಂಡವು. ಪದಕವನ್ನು ತಡೆದುಕೊಳ್ಳಬಹುದಾಗಿತ್ತು. ಪದಕ ಎಂದರೆ ಕೋಟಿನ ಮೇಲಿನ ಒಂದು ಬೆಳ್ಳಿ ಚೂರು, ಕೋಟು ತೆಗೆದರೆ ಅದೂ ಹೋಗುತ್ತದೆ. ಆದರೆ ಇದು ಹಾಗಲ್ಲ. ನನ್ನ ಮಾತಿನ ಒಂದು ಎಳೆ ಹಿಡಿದುಕೊಂಡು ಒಂದು ಜೀವ ಮಂಜಿನ ಅಂಚಿಗೆ ಹೋಗಿ ನಿಲ್ಲುತ್ತದೆ. 'ಏನೋ ಅದು, ಕೈ ಕೊಡೋಕೂ ಯೋಚನೆನಾ?' ಎಂದು ಟೆಟ್ಸ್‌ಲಾಫ್ ನಕ್ಕು, ಜೇಬಿನೊಳಗಿನ ಕೈಯನ್ನು ತಾನೇ ಹೊರಗೆಳೆದು ಕುಲುಕಿಬಿಟ್ಟ. ಕೋಟಿನ ಮೇಲೆ ಬಾಡಿದ ಹೂವಿನ ಪುಡಿ ಉದುರಿತು. ಎವಾಲ್ಡ್ ಅದನ್ನು ಒರೆಸಿಕೊಳ್ಳುತ್ತಲೇ ಇದ್ದ, ಪುಡಿ ಎಲ್ಲ ಹೋದ ಮೇಲೂ.

ಒಳಗೆ ನಮ್ಮ ಡ್ರೋಸಿನ್ ಪುರಸಭೆಯ ಸಭಾಂಗಣ ಬರ್ಲಿನ್ನಿನ ಅರಮನೆಗಿಂತ ಸ್ವಲ್ಪ ಚಿಕ್ಕದು, ಅಷ್ಟೇ. ಅಂದು ಅದರೊಳಗೆ ಪ್ರಷ್ಯದ ಅರ್ಧ ಜನಸಂಖ್ಯೆ ತುಂಬಿತ್ತು. ಮಾಜಿ ಸೈನಿಕರ ಸಂಘದವರು ಬಾವುಟ ಹಿಡಿದಿದ್ದರು. ಮುಂದಿನ ಸಾಲಿನಲ್ಲಿ ಎವಾಲ್ಡ್, ಅವನ ಪಕ್ಕ ಮಾಲ್ವಿನೆ, ಅವಳ ಪಕ್ಕ ಕಾಪಾಡಲ್ಪಟ್ಟ ಸರಕಾದ ನಾನು. ಜಿಲ್ಲಾಧಿಕಾರಿ ಸಣ್ಣ ಕನ್ನಡಕದ ತೆಳ್ಳನೆಯ ಮನುಷ್ಯ. ಪದಕವನ್ನು ನೀಲಿ ಮಕಮಲ್ಲಿನ ದಿಂಬಿನ ಮೇಲಿಟ್ಟು ಭಾಷಣ ಶುರುಮಾಡಿದರು. ಭಾಷಣವೆಲ್ಲ ನನ್ನದೇ. ಪೊಲೀಸಿನವನಿಗೆ ನಾನು ಹೇಳಿದ್ದು, ಒಳ್ಳೆಯ ಬಟ್ಟೆ ತೊಟ್ಟು ಬಂದಿತ್ತು. 'ತುಂಡಾದ ಹಗ್ಗ' ಎಂದರು, 'ಹಿಮಗರ್ಭ' ಎಂದರು, 'ಒಂದು ಕ್ಷಣವೂ ಅನುಮಾನಿಸದೆ' ಎಂದರು. ಎವಾಲ್ಡ್ ಕಿವಿಗೊಟ್ಟು ಕೇಳುತ್ತಿದ್ದ. ಒಂದು ಕ್ಷಣವೂ ಅನುಮಾನಿಸದ ಆ ಮನುಷ್ಯನ ಬಗ್ಗೆ ಅವನಿಗೆ ಮೆಚ್ಚುಗೆಯಾಯಿತು, ಅವನನ್ನು ಒಮ್ಮೆ ಕಂಡು ಮಾತಾಡಬೇಕೆನಿಸಿತು, ಚಳಿಯಾದಾಗ ನೀನು ಕೈಗಳನ್ನು ಏನು ಮಾಡುತ್ತೀಯ ಎಂದು ಕೇಳಬೇಕೆನಿಸಿತು. ಬಾವುಟದ ಬಿಳಿ ಭಾಗ ಕಿಟಕಿಯ ಗಾಳಿಗೆ ಉಬ್ಬಿ ಇಳಿಯಿತು. ಸರೋವರದ ಮಬ್ಬು ಸಭಾಂಗಣದೊಳಗೆ ಬಂದ ಹಾಗಾಯಿತು. ಯಾರೋ ಹೆಸರು ಕೂಗಿದರು. ಅದು ತನ್ನದೇ ಹೆಸರು.

ಎದ್ದ. ಹೋಗಲಿಲ್ಲ.

'ಬನ್ನಿ ಕ್ರೀನ್‌ಕೆಯವರೇ, ನಾಚಿಕೆ ಬೇಡ,' ಎಂದರು ಜಿಲ್ಲಾಧಿಕಾರಿ, ಪದಕವನ್ನು ಬೆರಳಲ್ಲಿ ಎತ್ತಿಕೊಂಡು.

'ನೀರಿಗೆ ಹಾರೋಕೆ ನಾಚಿಕೆ ಇರ್ಲಿಲ್ಲ, ಮೆಟ್ಟಿಲು ಹತ್ತೋಕೆ ನೋಡು!' ಎಂದಿತು ಹಿಂದಿನಿಂದ ಫಿಂಕನ ದನಿ.

'ನಾನು ಹಾರಲಿಲ್ಲ,' ಎಂದ ಎವಾಲ್ಡ್. ಜನ ನಗಲು ಸಿದ್ಧರಾದರು. ಅವನು ಹಿಂದಿರುಗಿ ಟೆಟ್ಸ್‌ಲಾಫನನ್ನು ಹುಡುಕಿ ಅವನಿಗೇ ಹೇಳಿದ: 'ಮೇಸ್ತ್ರೀ, ನಿಮ್ಮ ಹುಡುಗನ ಹಗ್ಗ ನನಗೆ ಕೊಡಬೇಡಿ. ನಾನು ಬಿಟ್ಟುಬಿಟ್ಟೆ. ಚಳಿಗೆ ಕೈ ಕಂಕುಳಲ್ಲಿಟ್ಕೊಂಡೆ. ಹಗ್ಗ ಕೈಯಲ್ಲಿರಲಿಲ್ಲ. ಅದು ಇವನ ಹಿಂದೇನೇ ನೀರಿಗೆ ಹೋಯ್ತು. ತುಂಡಾಗಲಿಲ್ಲ. ನಾನು ಬಿಟ್ಟೆ.'

ಆಗ ಆದ ಸದ್ದನ್ನು ಸದ್ದೆನ್ನಲಾಗದು. ಹತ್ತಿರ ಕೂತಿದ್ದವರು ಕೈಗಳನ್ನು ಮಡಿಲಿಗೆ ಎಳೆದುಕೊಂಡದ್ದರ ಸದ್ದು ಅದು. ಟೆಟ್ಸ್‌ಲಾಫ್ ಮೆಟ್ಟಿಲ ಬಳಿ ಕುಲುಕಿದ ಕೈಯನ್ನು ತನ್ನ ಷರಾಯಿಗೆ ಮೆಲ್ಲಗೆ ಒರೆಸಿಕೊಂಡ. ಬೇಕೆಂದು ಮಾಡಿದ್ದಲ್ಲ, ಕೈಯೇ ಮಾಡಿತು. ಎವಾಲ್ಡ್ ಅದನ್ನು ನೋಡಿದ. ಅವನು ಆಮೇಲೆ ಮಾಲ್ವಿನೆಯ ಕಡೆ ತಿರುಗಿದ, ನಿಧಾನವಾಗಿ, ಅಷ್ಟು ದಿನಗಳಿಂದ ಹೆದರಿದ್ದ ಆ ಒಂದು ತಿರುಗುವಿಕೆಯನ್ನು ತಿರುಗಿದ.

ಮಾಲ್ವಿನೆ ಹುಬ್ಬು ಗಂಟಿಕ್ಕಿ ಕೂತಿದ್ದಳು, ಸಂತೆಯಲ್ಲಿ ತೂಕ ಸರಿಯಿಲ್ಲವೆಂದು ಅನುಮಾನ ಬಂದಾಗ ಕೂರುವ ಹಾಗೆ.

'ಯಾವ ಹಗ್ಗರೀ ನೀರಿಗೆ ಹೋಯ್ತು?' ಎಂದಳು.

'ಅದೇ. ಅವನ ಸೊಂಟದ್ದು.'

'ನಿಮ್ಮಿಬ್ಬರನ್ನೂ ಗಾಡೀಲಿ ಹಾಕ್ಕೊಂಡು ಬಂದ್ರಲ್ಲ, ಹಗ್ಗಾನೂ ಅದರಲ್ಲೇ ಎಸೆದಿದ್ರು. ನಾನೇ ಎತ್ತಿ ಬಾಗಿಲ ಹಿಂದೆ ನೇತುಹಾಕಿದ್ದು. ಇವನ ಬಟ್ಟೆ ಮರದ ಹಲಗೆ ಥರ ಸೆಟೆದು ನಿಂತಿತ್ತು, ನಿಮ್ಮ ತೋಳು ಎದೆ ಎಲ್ಲ ಸೆಟೆದಿತ್ತು. ಹಗ್ಗ ಈ ತುದಿಯಿಂದ ಆ ತುದಿವರೆಗೆ ಒಣಗಿತ್ತು. ಮೆತ್ತಗಿತ್ತು. ಪೂರ್ತಿ ಉದ್ದ ಇತ್ತು. ತುಂಡಾಗಿದೆ ಅಂತ ಇವನು ಹೇಳ್ತಾ ತಿರುಗಿದಾಗ ಅದು ಬೇರೆ ಯಾವುದೋ ಹಗ್ಗ ಇರಬೇಕು ಅಂದ್ಕೊಂಡೆ. ಮಂಜಿನ ಕೆಲಸ ನನಗೇನು ಗೊತ್ತು.' ಅವಳು ನನ್ನ ಕಡೆ ನೋಡಲಿಲ್ಲ. ಇನ್ನೂ ತನ್ನೊಳಗೇ ತೂಗುತ್ತಿದ್ದಳು. 'ಸೊಂಟಕ್ಕೆ ಕಟ್ಟಿದ್ದ ಹಗ್ಗ, ನೀರಿಗೆ ಬಿದ್ದೋನ ಜೊತೆ ನೀರಿಗೆ ಹೋಗದೆ ಹೇಗಿರತ್ತೆ?'

ಆಮೇಲೆ ನೋಡಿದಳು. 'ಯೋಸ್ಟ್.'

ಎಲ್ಲರೂ ನೋಡಿದರು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಸಭೆ ನನ್ನ ಬಾಯಿಯನ್ನೇ ನೋಡಿದ್ದು ಅದೇ ಮೊದಲು. ಎಂಥ ಅವಕಾಶ! ನನ್ನ ನಾಲಿಗೆ ಅಭ್ಯಾಸದಂತೆ ಎದ್ದು ನಿಂತಿತು. 'ಅಕ್ಕ, ಅದು ಏನಾಯ್ತು ಅಂದ್ರೆ, ಆ ಮೀನು ಇತ್ತಲ್ಲ, ಅದು ಹಗ್ಗಾನ…' ಎಂದೆ. ಯಾರೂ ನಗಲಿಲ್ಲ. ಫಿಂಕ್ ಕೂಡ ನಗಲಿಲ್ಲ. ಮೀನು ನನ್ನ ಬಾಯಿಯಲ್ಲೇ ಸತ್ತು ಭಾರವಾಯಿತು.

'ಕಟ್ಟಿಕೊಂಡಿರಲಿಲ್ಲ,' ಎಂದೆ.

'ಜೋರಾಗಿ ಹೇಳು,' ಎಂದಳು ಅಕ್ಕ.

'ಹಗ್ಗ ಕಟ್ಟಿಕೊಂಡಿರಲಿಲ್ಲ. ಬಿಚ್ಚಿಹಾಕಿದ್ದೆ. ಕಾರ್ಖಾನೆಯ ಅಡಿಗೆಮನೆಯ ಹುಡುಗಿಯರು ಕಾಫಿ ತಂದಿದ್ದರು, ನನ್ನ ಹತ್ತಿರವೇ ಬಂದು ನಿಂತು ನನ್ನನ್ನ ಕಟ್ಟಿದ ಮೇಕೆ ಅಂದರು. ಮ್ಯಾ ಅಂದರು. ಭಾವನಿಗೆ ಮಬ್ಬಲ್ಲಿ ಕಾಣ್ತಿರಲಿಲ್ಲ. ಬಿಚ್ಚಿ ಗರಗಸದ ಪಕ್ಕ ಇಟ್ಟು, ಅಂಚಿನ ಮೇಲೆ ಸೊಂಟಕ್ಕೆ ಕೈ ಕೊಟ್ಕೊಂಡು ನಡೆದು ತೋರಿಸಿದೆ. ಅಂಚು ಕುಸೀತು. ಹುಡುಗಿಯರು ಹೆದರಿ ಓಡಿದರು, ಯಾರಿಗೂ ಹೇಳಲಿಲ್ಲ.'

ಜಿಲ್ಲಾಧಿಕಾರಿ ಪದಕವನ್ನು ಹಿಡಿದೇ ಇದ್ದರು. 'ನೀನು ಆಣೆಯಿಟ್ಟು ಹೇಳಿದವನು,' ಎಂದರು. 'ಈಗ ಹೇಳುತ್ತಿರುವುದೂ ನೀನೇ. ಇದನ್ನು ಹೇಗೆ ನಂಬಲಿ? ಈ ಮನುಷ್ಯ ಮಾಡಿದ್ದು ಏನು?'

ನಾನು ಎಷ್ಟೋ ಸಲ ಹೇಳಿದ ಕಥೆ ಅದು, ಆದರೆ ನಡೆದ ಹಾಗೆ ಒಮ್ಮೆಯೂ ಹೇಳಿದ್ದಿಲ್ಲ. ಎಲ್ಲಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ.

'ನಾನು ಮುಳುಗಲೇ ಇಲ್ಲ ಸಾಹೇಬರೇ. ಮೊಣಕೈ ಊರಿ ಅಂಚಿಗೆ ನೇತುಬಿದ್ದಿದ್ದೆ, ಕಾಲು ಎಲ್ಲೂ ತಾಗ್ತಿರಲಿಲ್ಲ. ಭಾವ ಅಂತ ಒಂದು ಸಲ ಕೂಗಿದೆ, ಆಮೇಲೆ ಉಸಿರು ಬರಲಿಲ್ಲ. ಅವರು ಹಾರಲಿಲ್ಲ, ಪೈಪೂ ಇರಲಿಲ್ಲ. ಹೊಟ್ಟೆ ಮೇಲೆ ತೆವಳಿಕೊಂಡು ಬಂದರು. ಗಡ್ಡೆ ಅವರ ಕೆಳಗೆ ಬಗ್ಗುತ್ತಿತ್ತು, ಮೇಲೆ ನೀರು ಹತ್ತುತ್ತಿತ್ತು, ಬಿರಿಯೋದು ನನಗೇ ಕೇಳಿಸ್ತಿತ್ತು. ಅವರಿಗೆ ಈಜು ಬರಲ್ಲ. ಬರಬೇಡಿ ಅಂತ ನಾನು ತಲೆ ಆಡಿಸಿದೆ. ಬಂದರು. ಬರ್ತಾ ಇಡೀ ಹೊತ್ತು ಅಳ್ತಿದ್ದರು, ಬಿಟ್ಟೆ, ಬಿಟ್ಟೆ, ಬಿಟ್ಟೆ ಅಂತ.'

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಅಕ್ಕ ಬಿಡಲಿಲ್ಲ. 'ಅವರು ಹಾಗಂದುಕೊಂಡಿದ್ದು ನಿನಗೆ ಅವತ್ತೇ ಗೊತ್ತಿತ್ತಾ?'

'ಗೊತ್ತಿತ್ತು.'

'ಗೊತ್ತಿದ್ದೂ?'

ನಿಮಗೂ ಹೇಳಿಬಿಡುತ್ತೇನೆ. ಹಲಗೆಯ ಸಂದಿನಿಂದ ಯಾರ ಕನಸೂ ಕಾಣುವುದಿಲ್ಲ. ಎವಾಲ್ಡನ ತಲೆಯೊಳಗಿನದು ನನಗೆ ಗೊತ್ತಿದ್ದದ್ದು ಅವನೇ ಹೇಳಿದ್ದರಿಂದ; ಪದಕದ ದಿನದ್ದನ್ನು ಅದರ ಮೇಲೆ ನಾನೇ ಹೆಣೆದೆ. ಆ ವಸಂತದಲ್ಲಿ ಒಂದು ಮಧ್ಯಾಹ್ನ, ಸುಣ್ಣದ ಗುಂಡಿಯ ಪಕ್ಕ, ಕಂಕುಳು, ಹಾವಿನಂಥ ಹಗ್ಗ, ತೂತು, ಮೇಜಿನ ಮೇಲಿನ ಬಟ್ಟಲು, ಒಂದೊಂದನ್ನೂ ಹೇಳಿ, ತನಗಿಂತ ಚಿಕ್ಕವನಾದ ನನ್ನ ಮುಂದೆ ಟೋಪಿ ತೆಗೆದು ನಿಂತಿದ್ದ. ನಾನು ಅವನ ಬೆನ್ನು ತಟ್ಟಿದೆ. 'ಹೋಗ್ಲಿ ಬಿಡಿ ಭಾವ, ನಾನು ಕ್ಷಮಿಸಿದೀನಿ,' ಎಂದೆ. ಅದನ್ನು ಈಗ ಸಭೆಯಲ್ಲಿ, ಅದೇ ಪದಗಳಲ್ಲಿ ಹೇಳಿದೆ. ಹೇಳಿದ ಮೇಲೆ ಅಕ್ಕನ ಮುಖ ನೋಡಲಾಗಲಿಲ್ಲ.

ಎವಾಲ್ಡ್ ಮಾತ್ರ ಕೋಪಿಸಿಕೊಂಡಂತೆ ಕಾಣಲಿಲ್ಲ. ಅವನಿಗೆ ಇನ್ನೂ ಏನೋ ಬಗೆಹರಿದಿರಲಿಲ್ಲ. ಎರಡು ಹೆಜ್ಜೆ ನನ್ನ ಕಡೆ ಬಂದ. ಕೈಗಳನ್ನು ಮುಂದೆ ಚಾಚಿ, ಒಂದರ ಹಿಂದೊಂದು ಮುಷ್ಟಿ ಮಾಡಿ, ಇಲ್ಲದ ಹಗ್ಗವನ್ನು ಹಿಡಿದ ಹಾಗೆ ಹಿಡಿದು, ಅವನ್ನೇ ನೋಡುತ್ತ ಕೇಳಿದ.

'ಹಾಗಾದ್ರೆ ಯೋಸ್ಟ್, ನಾನು ಬಿಗಿಯಾಗಿ ಹಿಡ್ಕೊಂಡೇ ಇದ್ದಿದ್ರೆ? ಬಿಡದೇ ಇದ್ದಿದ್ರೆ?'

'ಹಿಡ್ಕೊಂಡಿದ್ರೂ ಅಷ್ಟೇ ಭಾವ,' ಎಂದೆ. 'ಆ ತುದಿಯಲ್ಲಿ ನಾನಿರಲಿಲ್ಲ.'